ದಾವಣಗೆರೆಯಲ್ಲಿ ಖಾಸಗಿ ಥೆರಪಿ ಶುರು ಮಾಡುವುದು ಹೇಗೆ: ಒಬ್ಬರಿಗೆ, ದಂಪತಿಗೆ, ಹಂತ ಹಂತವಾಗಿ

“ಎರಡು ಸಲ ಹೋದೆ, ಏನೂ ಆಗ್ಲಿಲ್ಲ, ಬಿಟ್ಟೆ.” ಥೆರಪಿ, ಅಂದರೆ ಮನಸ್ಸಿನ ತೊಂದರೆಗೆ ಮಾತಿನ ಮೂಲಕ ಕೊಡುವ ಚಿಕಿತ್ಸೆಯ ವಿಷಯ ಬಂದಾಗಲೆಲ್ಲ ಓದುಗರಿಂದ ಕೇಳುವ ಮಾತು ಇದು. ಸ್ವಲ್ಪ ಕೆದಕಿದರೆ ಕಾರಣ ಗೊತ್ತಾಗುತ್ತದೆ. ಒಬ್ಬರು ಮಾತ್ರೆ ಬರೆಯುವ ಡಾಕ್ಟರ ಹತ್ತಿರ ಹೋಗಿ, ಒಂದು ಗಂಟೆ ಕೂತು ಮಾತಾಡ್ತಾರೆ ಅಂದುಕೊಂಡಿರುತ್ತಾರೆ. ಇನ್ನೊಬ್ಬರು ಮಾತಿನ ಚಿಕಿತ್ಸೆಗೆ ಹೋಗಿ, “ಬರೀ ಮಾತೇ ಆಯ್ತು, ಮಾತ್ರೆ ಏನೂ ಕೊಡ್ಲಿಲ್ಲ” ಅಂತ ಬೇಸರ ಮಾಡಿಕೊಂಡಿರುತ್ತಾರೆ. ಗಂಡ ಹೆಂಡತಿ ಹೋಗಿದ್ದರೆ, ಯಾರದು ಸರಿ ಅಂತ ಕೇಳೋಕೆ ಹೋಗಿರುತ್ತಾರೆ. ಉತ್ತರ ಸಿಗದೆ ದಾರಿಯುದ್ದಕ್ಕೂ ಜಗಳ ಆಡಿಕೊಂಡು ಬಂದಿರುತ್ತಾರೆ.

ಇವರೆಲ್ಲ ಎಡವಿದ್ದು ಒಂದೇ ಕಡೆ. ಒಳಗೆ ಏನು ನಡೆಯುತ್ತದೆ ಅಂತ ತಿಳಿದುಕೊಳ್ಳದೆ ಹೋಗಿದ್ದಾರೆ. ಹಾಗಾಗಿ ಕ್ರಮವಾಗಿ ನೋಡೋಣ. ಯಾವ ಹಂತವನ್ನೂ ಹಾರಿಸಬೇಡಿ, ಅದರಲ್ಲೂ ಮೊದಲ ಮೂರನ್ನು.

ಹಂತ 1: ಇದು ಕಾಯಬಹುದಾದ ವಿಷಯವಾ, ನೋಡಿ

ಖಾಸಗಿ ಥೆರಪಿಗೆ ಅಪಾಯಿಂಟ್‌ಮೆಂಟ್ ಬೇಕು, ಕೆಲವು ದಿನ ಕಾಯಬೇಕು. ಕೆಲವು ವಿಷಯ ಅಷ್ಟು ಕಾಯುವಂಥದ್ದಲ್ಲ.

ಸಾಯಬೇಕು ಅನ್ನುವ ಯೋಚನೆ ಬರುತ್ತಿದ್ದರೆ ಅಪಾಯಿಂಟ್‌ಮೆಂಟ್ ಹುಡುಕುತ್ತಾ ಕೂರಬೇಡಿ. 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ಸರ್ಕಾರದ ಉಚಿತ ಸಹಾಯವಾಣಿ. 2022ರ ಅಕ್ಟೋಬರ್‌ನಲ್ಲಿ ಶುರುವಾಗಿದ್ದು, ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು. ಕೈ ಮೀರುವ ಹಾಗಿದ್ದರೆ 112, ಇಲ್ಲವೇ ಹತ್ತಿರದ ಯಾವುದಾದರೂ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗ. ಮನೆಯಲ್ಲಿ ಕೀಟನಾಶಕ ಇದ್ದರೆ ಬೇರೆಯವರ ಕೈಗೆ ಕೊಟ್ಟು ಸಾಗಿಸಿ. ಹೊಲ ಇರುವ ಮನೆಗಳಲ್ಲಿ ಇದನ್ನು ಮೊದಲು ಮಾಡಬೇಕು.

ಯಾರೂ ಇಲ್ಲದಾಗ ದನಿ ಕೇಳಿಸುವುದು, ರಾತ್ರಿಗಟ್ಟಲೆ ನಿದ್ದೆ ಇಲ್ಲದಿದ್ದರೂ ಸುಸ್ತಾಗದೆ ಒಂದೇ ಸಮನೆ ಮಾತಾಡುವುದು, ಹೆರಿಗೆ ಆದ ಮೇಲೆ ತಾಯಿ ವಿಚಿತ್ರವಾಗಿ ಆಡುವುದು, ಇವೆಲ್ಲ ನೇರವಾಗಿ ಮಾನಸಿಕ ವೈದ್ಯರಿಗೆ ತೋರಿಸಬೇಕಾದವು. ಕುಡಿತವೂ ಅಷ್ಟೇ. ದಿನಾ ಜಾಸ್ತಿ ಕುಡಿಯುವವರು ಒಮ್ಮೆಗೇ ನಿಲ್ಲಿಸಿದರೆ ಫಿಟ್ಸ್ ಬರಬಹುದು. “ನಾಳೆಯಿಂದ ಮುಟ್ಟಬೇಡ” ಅಂತ ಆಣೆ ಮಾಡಿಸಿ ಮನೆಯಲ್ಲಿ ಕೂಡಿಹಾಕುವುದು ಅಪಾಯ. ಮೊದಲು ಡಾಕ್ಟರು, ಥೆರಪಿ ಆಮೇಲೆ.

ಹಂತ 2: ಯಾರ ಹತ್ತಿರ ಹೋಗಬೇಕು

ಹೊರಗಿಂದ ಎಲ್ಲ ಬೋರ್ಡೂ ಒಂದೇ ಥರ ಕಾಣುತ್ತವೆ. ಆದರೆ ಒಳಗೆ ಕೂತವರ ಕೆಲಸ ಬೇರೆ ಬೇರೆ.

ಸೈಕಿಯಾಟ್ರಿಸ್ಟ್ ಅಂದರೆ ಎಂಬಿಬಿಎಸ್ ಓದಿ, ಮೇಲೆ ಮನೋವೈದ್ಯಕೀಯದಲ್ಲಿ ಎಂಡಿ, ಡಿಎನ್‌ಬಿ ಅಥವಾ ಡಿಪಿಎಂ ಮಾಡಿದ ಡಾಕ್ಟರು. ಕಾಯಿಲೆ ಏನು ಅಂತ ಗುರುತಿಸುವುದು, ಮಾತ್ರೆ ಬರೆಯುವುದು, ಬೇಕಾದರೆ ಅಡ್ಮಿಟ್ ಮಾಡುವುದು ಇವರ ಕೆಲಸ. ಥೈರಾಯ್ಡ್ ಪರೀಕ್ಷೆ ಮಾಡಿಸಿ ಅಂದರೆ ಗಾಬರಿ ಬೇಡ. ಥೈರಾಯ್ಡ್ ಕಮ್ಮಿ ಆದರೂ ಖಿನ್ನತೆ ಥರವೇ ಕಾಣುತ್ತದೆ. ಮೊದಲ ಭೇಟಿ ಸ್ವಲ್ಪ ಉದ್ದ ಇರಬಹುದು, ಆಮೇಲಿನವು ಚಿಕ್ಕವು. ಹೊರಗೆ ಟೋಕನ್ ಹಿಡಿದು ಜನ ಕೂತಿರುತ್ತಾರೆ. ಅಲ್ಲಿ ಮನಸ್ಸು ಬಿಚ್ಚಿ ಮಾತಾಡೋಕೆ ಆಗ್ಲಿಲ್ಲ ಅಂತ ಬೇಜಾರಾಗುವುದು ಬೇಡ. ಆ ಭೇಟಿ ಇರುವುದೇ ಹಾಗೆ.

ಕ್ಲಿನಿಕಲ್ ಸೈಕಾಲಜಿಸ್ಟ್ ಮಾತಿನ ಮೂಲಕ ಚಿಕಿತ್ಸೆ ಕೊಡುವವರು. ಎಂಎ ಅಥವಾ ಎಂಎಸ್ಸಿ ನಂತರ ಕ್ಲಿನಿಕಲ್ ಸೈಕಾಲಜಿಯಲ್ಲಿ ಎಂಫಿಲ್ ಇಲ್ಲವೇ ಸೈಡಿ (PsyD) ಪದವಿ ಮಾಡಿರುತ್ತಾರೆ. ಇವರು ಮಾತ್ರೆ ಬರೆಯುವ ಹಾಗಿಲ್ಲ. ಬರೆದುಕೊಟ್ಟರೆ ಎದ್ದು ಬನ್ನಿ.

ಇನ್ನು ಕೌನ್ಸೆಲರ್. ಒಳ್ಳೆ ತರಬೇತಿ ಪಡೆದ ಕೌನ್ಸೆಲರ್‌ಗಳು ಇದ್ದಾರೆ, ಎರಡು ದಿನದ ಶಿಬಿರ ಮುಗಿಸಿ ಬೋರ್ಡ್ ಹಾಕಿದವರೂ ಇದ್ದಾರೆ. ಈ ಹೆಸರನ್ನು ಯಾರು ಹಾಕಿಕೊಳ್ಳಬಹುದು ಅನ್ನುವುದಕ್ಕೆ ಬಿಗಿ ಇಲ್ಲ. ಹಾಗಾಗಿ ಬೋರ್ಡ್ ನೋಡಿ ನಂಬಬೇಡಿ, ಓದು ಕೇಳಿ.

ಯಾವುದು ಮೊದಲು? ನಿದ್ದೆ, ಊಟ, ಕೆಲಸ ಮೂರೂ ಕೆಟ್ಟಿದ್ದರೆ ಮೊದಲು ಸೈಕಿಯಾಟ್ರಿಸ್ಟ್. ಅಂಗಡಿ, ಮನೆ ನಡೆಯುತ್ತಿದೆ, ಆದರೆ ಒಳಗೆ ನೆಮ್ಮದಿ ಇಲ್ಲ, ಸಂಬಂಧ ಹದಗೆಟ್ಟಿದೆ ಅಂದರೆ ಸೈಕಾಲಜಿಸ್ಟ್‌ನಿಂದ ಶುರು ಮಾಡಬಹುದು. ಎರಡೂ ಒಟ್ಟಿಗೆ ನಡೆಯುವುದೂ ಮಾಮೂಲು.

ದಾವಣಗೆರೆಯಲ್ಲಿ ಎರಡು ಮೆಡಿಕಲ್ ಕಾಲೇಜು ಇರುವುದರಿಂದ ನಮಗೆ ಒಂದು ಅನುಕೂಲ ಇದೆ. ಬಾಪೂಜಿ ಆಸ್ಪತ್ರೆಯಲ್ಲಿ, ಎಸ್.ಎಸ್. ಆಸ್ಪತ್ರೆಯಲ್ಲಿ ಮನೋವೈದ್ಯಕೀಯ ವಿಭಾಗಗಳಿವೆ. ಖಾಸಗಿಯಾಗಿ ನೋಡುವ ಸೈಕಾಲಜಿಸ್ಟ್ ಯಾರಿದ್ದಾರೆ ಅಂತ ಅಲ್ಲಿನ ಡಾಕ್ಟರನ್ನೇ ಕೇಳಿ. ಗೂಗಲ್‌ನ ಸ್ಟಾರ್‌ಗಿಂತ ಇದು ಮೇಲು. ದುಡ್ಡಿನ ತೊಂದರೆ ಇದ್ದರೆ ಚಿಗಟೇರಿ ಜಿಲ್ಲಾ ಆಸ್ಪತ್ರೆಯಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಡಿ ತೋರಿಸಬಹುದು. ಜಗಳೂರು, ಹೊನ್ನಾಳಿ, ಚನ್ನಗಿರಿ ಕಡೆಯವರು ತಮ್ಮ ತಾಲೂಕು ಆಸ್ಪತ್ರೆಯಲ್ಲಿ ಮನೋಚೈತನ್ಯ ಕ್ಲಿನಿಕ್ ಯಾವತ್ತು ಅಂತ ವಿಚಾರಿಸಿ. ಸಾಮಾನ್ಯವಾಗಿ ಮಂಗಳವಾರ ಇರುತ್ತದೆ.

ಹಂತ 3: ರಿಜಿಸ್ಟ್ರೇಷನ್ ನೋಡಿ, ಆಮೇಲೆ ಫೋನ್ ಮಾಡಿ

ಸೈಕಿಯಾಟ್ರಿಸ್ಟ್ ಆದರೆ ಕರ್ನಾಟಕ ಮೆಡಿಕಲ್ ಕೌನ್ಸಿಲ್ ನೋಂದಣಿ ಇರುತ್ತದೆ. ಕ್ಲಿನಿಕಲ್ ಸೈಕಾಲಜಿಸ್ಟ್ ಆದರೆ ಆರ್‌ಸಿಐ, ಅಂದರೆ ಭಾರತೀಯ ಪುನರ್ವಸತಿ ಪರಿಷತ್ತಿನ ಸಿಆರ್‌ಆರ್ (ನೋಂದಣಿ) ನಂಬರ್ ಇರಬೇಕು. ಪರಿಷತ್ತಿನ ವೆಬ್‌ಸೈಟಲ್ಲಿ ಹೆಸರು ಹಾಕಿ ಹುಡುಕಬಹುದು. ನಂಬರ್ ಕೇಳಿದರೆ ಸರಿಯಾದವರು ಬೇಜಾರು ಮಾಡಿಕೊಳ್ಳುವುದಿಲ್ಲ.

ಫೋನಲ್ಲಿ ನಿಮ್ಮ ಕತೆ ಪೂರ್ತಿ ಹೇಳಬೇಡಿ. ಫೋನ್ ಎತ್ತುವವರು ಕ್ಲಿನಿಕ್‌ನ ರಿಸೆಪ್ಷನ್ ಹುಡುಗ ಇರಬಹುದು. “ನನಗೆ ಥೆರಪಿಗೆ ಟೈಮ್ ಬೇಕಿತ್ತು” ಅನ್ನಿ, ಸಾಕು. ಆಮೇಲೆ ಇಷ್ಟು ಕೇಳಿಕೊಳ್ಳಿ: ಒಂದು ಸೆಷನ್ ಎಷ್ಟು ಹೊತ್ತು, ಫೀಸ್ ಎಷ್ಟು, ಬರೋಕಾಗದಿದ್ದರೆ ಎಷ್ಟು ಮುಂಚೆ ತಿಳಿಸಬೇಕು, ದಂಪತಿಗಳನ್ನು ನೋಡುತ್ತಾರಾ, ಕನ್ನಡದಲ್ಲಿ ಮಾತಾಡಬಹುದಾ. ಕೊನೆಯದನ್ನು ಕೇಳೋಕೆ ನಾಚಿಕೆ ಬೇಡ. ಬೈಗುಳ, ಅಳು, ಅಮ್ಮನ ಮಾತು ಎಲ್ಲ ನಮಗೆ ಕನ್ನಡದಲ್ಲೇ ಬರೋದು ಅಲ್ವಾ.

ಪರಿಚಯದವರು ಬೇಡ. ದೊಡ್ಡಪ್ಪನ ಸೊಸೆ ಸೈಕಾಲಜಿ ಓದಿದ್ದಾಳೆ, ಫ್ರೀಯಾಗಿ ನೋಡ್ತಾಳೆ ಅಂತ ಮನೆಯವರು ಹೇಳುತ್ತಾರೆ. ಮುಂದಿನ ಮದುವೆಯಲ್ಲಿ ಅವಳ ಪಕ್ಕದಲ್ಲೇ ಊಟಕ್ಕೆ ಕೂರಬೇಕಾಗುತ್ತದೆ, ನೆನಪಿರಲಿ. ಒಳ್ಳೆ ಥೆರಪಿಸ್ಟ್ ತಾವಾಗಿಯೇ ನೆಂಟರನ್ನು ಬೇರೆಯವರ ಹತ್ತಿರ ಕಳಿಸುತ್ತಾರೆ.

ಹಂತ 4: ಟೈಮು, ದುಡ್ಡು ಮೊದಲೇ ಎತ್ತಿಡಿ

ಒಂದು ಸೆಷನ್ ಸಾಮಾನ್ಯವಾಗಿ 45ರಿಂದ 60 ನಿಮಿಷ. ಶುರುವಿನಲ್ಲಿ ವಾರಕ್ಕೊಮ್ಮೆ. ಫೀಸ್ ಎಲ್ಲ ಕಡೆ ಒಂದೇ ಇರುವುದಿಲ್ಲ, ದಂಪತಿ ಸೆಷನ್‌ಗೆ ಜಾಸ್ತಿ ಇರಬಹುದು. ಒಂದು ಸೆಷನ್ ಫೀಸನ್ನು ಎಂಟರಿಂದ ಗುಣಿಸಿ, ಓಡಾಟದ ಖರ್ಚು ಸೇರಿಸಿ. ಆ ಮೊತ್ತ ಎರಡು ತಿಂಗಳಲ್ಲಿ ಕೊಡೋಕಾಗುತ್ತಾ ನೋಡಿ. ಆಗಲ್ಲ ಅನ್ನಿಸಿದರೆ ಮೊದಲ ದಿನವೇ ಹೇಳಿ, ಹದಿನೈದು ದಿನಕ್ಕೊಮ್ಮೆ ಬರುವ ಹಾಗೆ ಯೋಜನೆ ಮಾಡುತ್ತಾರೆ. ದುಡ್ಡು ಸಾಲದೆ ಮೂರನೇ ವಾರ ಸುಮ್ನೆ ಮಾಯವಾಗುವುದಕ್ಕಿಂತ ಇದು ಎಷ್ಟೋ ವಾಸಿ.

2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ ಪ್ರಕಾರ ವಿಮಾ ಕಂಪನಿಗಳು ಮಾನಸಿಕ ಕಾಯಿಲೆಗೂ ದೇಹದ ಕಾಯಿಲೆಗೂ ಭೇದ ಮಾಡುವಂತಿಲ್ಲ. ಆದರೆ ಹೆಚ್ಚಿನ ಪಾಲಿಸಿಗಳು ಅಡ್ಮಿಟ್ ಆದರೆ ಮಾತ್ರ ದುಡ್ಡು ಕೊಡುತ್ತವೆ. ವಾರದ ಥೆರಪಿ ಫೀಸ್ ನಮ್ಮ ಜೇಬಿಂದಲೇ ಅಂದುಕೊಂಡು ಹೊರಡಿ.

ಟೈಮಿನ ವಿಷಯ. ಮಂಡಿಪೇಟೆ, ಚೌಕಿಪೇಟೆಯಲ್ಲಿ ಅಂಗಡಿ ಇರುವವರು ಸಂಜೆ ಆರಕ್ಕೆ ಟೈಮ್ ತಗೊಂಡು, ವ್ಯಾಪಾರ ಜೋರಿದ್ದಾಗ ತಪ್ಪಿಸುತ್ತಾರೆ. ನಿಮ್ಮ ಕೆಲಸದಲ್ಲಿ ಯಾವ ಹೊತ್ತು ನಿಜವಾಗಿ ಖಾಲಿಯೋ ಅದನ್ನೇ ಹಿಡಿಯಿರಿ. ಸೆಷನ್ ಮುಗಿದ ಮೇಲೆ ಅರ್ಧ ಗಂಟೆ ಬಿಡುವು ಇರಲಿ. ಅತ್ತ ಕಣ್ಣಲ್ಲಿ ಗಲ್ಲಾ ಮೇಲೆ ಕೂರೋಕಾಗಲ್ಲ.

ಹಂತ 5: ಗುಟ್ಟಿನ ಚಿಂತೆ

ನಮ್ಮೂರಲ್ಲಿ ಯಾರ ಬೈಕ್ ಯಾವ ಕ್ಲಿನಿಕ್ ಮುಂದೆ ನಿಂತಿದೆ ಅನ್ನುವುದು ಸಂಜೆಯೊಳಗೆ ಮನೆ ಮುಟ್ಟುತ್ತದೆ. ಈ ಭಯಕ್ಕೇ ಎಷ್ಟೋ ಜನ ಹೋಗುವುದಿಲ್ಲ. ಬೋರ್ಡ್ ಮೇಲೆ ಬರೀ ಡಾಕ್ಟರ ಹೆಸರಿರುವ ಕ್ಲಿನಿಕ್‌ಗಳಿವೆ, ಬೇರೆ ಡಾಕ್ಟರುಗಳೂ ಕೂರುವ ಕಟ್ಟಡಗಳಿವೆ. ಅಂಥ ಕಡೆ ಹೋಗಿ. ಗಾಡಿಯನ್ನು ಸ್ವಲ್ಪ ದೂರ ನಿಲ್ಲಿಸಿ.

ಒಳಗೆ ಹೇಳಿದ ಮಾತು ಹೊರಗೆ ಹೋಗಬಾರದು ಅನ್ನುವುದು ಬರೀ ಒಳ್ಳೆತನದ ವಿಷಯ ಅಲ್ಲ. ಅದೇ 2017ರ ಕಾಯ್ದೆಯ 23ನೇ ಸೆಕ್ಷನ್ ಗೌಪ್ಯತೆಯನ್ನು ಹಕ್ಕು ಅಂತ ಹೇಳುತ್ತದೆ. ನಿಮ್ಮ ಅಪ್ಪಾಜಿ ಫೋನ್ ಮಾಡಿ “ಮಗ ಏನು ಹೇಳ್ದ” ಅಂತ ಕೇಳಿದರೂ ನಿಮ್ಮ ಒಪ್ಪಿಗೆ ಇಲ್ಲದೆ ಹೇಳುವಂತಿಲ್ಲ. ಕೆಲವು ವಿನಾಯಿತಿ ಇವೆ: ನಿಮ್ಮ ಜೀವಕ್ಕೆ ಅಥವಾ ಬೇರೆಯವರ ಜೀವಕ್ಕೆ ಅಪಾಯ ಇದ್ದಾಗ, ಕೋರ್ಟ್ ಆದೇಶ ಇದ್ದಾಗ. ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ಆದದ್ದು ಗೊತ್ತಾದರೆ 2012ರ ಪೋಕ್ಸೊ ಕಾಯ್ದೆಯಡಿ ತಿಳಿಸಲೇಬೇಕು. ಈ ಮಿತಿಗಳನ್ನು ಮೊದಲ ದಿನವೇ ಹೇಳುವ ಥೆರಪಿಸ್ಟ್ ಕೆಲಸ ಗೊತ್ತಿರುವವರು.

ಅಂದಹಾಗೆ, ಸಂತೆಯಲ್ಲೋ ಮದುವೆ ಮನೆಯಲ್ಲೋ ಥೆರಪಿಸ್ಟ್ ಎದುರಾದಾಗ ಮಾತಾಡಿಸದೆ ಹೋದರೆ ಸೊಕ್ಕು ಅಂದುಕೊಳ್ಳಬೇಡಿ. ನಿಮ್ಮ ಗುಟ್ಟು ಉಳಿಸೋಕೆ ಹಾಗೆ ಮಾಡುತ್ತಾರೆ. ನೀವೇ ನಮಸ್ಕಾರ ಹೇಳಿದರೆ ಅವರೂ ಹೇಳುತ್ತಾರೆ.

ಹಂತ 6: ಮೊದಲ ಸೆಷನ್

ತಗೊಂಡು ಹೋಗಬೇಕಾದ್ದು ಸ್ವಲ್ಪವೇ. ಈಗ ತಗೊಳ್ಳುತ್ತಿರುವ ಎಲ್ಲ ಮಾತ್ರೆಗಳ ಚೀಟಿ, ಬಿಪಿ ಶುಗರ್ ಮಾತ್ರೆ ಸೇರಿ. ಇತ್ತೀಚಿನ ರಕ್ತ ಪರೀಕ್ಷೆ ರಿಪೋರ್ಟ್. ಒಂದು ಚಿಕ್ಕ ನೋಟ್‌ಬುಕ್. ಅದರಲ್ಲಿ ಮೂರೇ ಸಾಲು: ಏನು ತೊಂದರೆ, ಯಾವಾಗಿಂದ, ಏನು ಬದಲಾದರೆ ಸಾಕು.

ಮೂರನೇ ಸಾಲಿನಲ್ಲೇ ಹೆಚ್ಚಿನವರು ತಡವರಿಸುತ್ತಾರೆ. “ನೆಮ್ಮದಿ ಬೇಕು” ಅಂತ ಬರೆದರೆ ಕೆಲಸಕ್ಕೆ ಬರುವುದಿಲ್ಲ. “ರಾತ್ರಿ ಮೂರಕ್ಕೆ ಎಚ್ಚರ ಆಗೋದು ನಿಲ್ಲಬೇಕು”, “ಅಪ್ಪನ ಫೋನ್ ಬಂದಾಗ ಕೈ ನಡುಗಬಾರದು” ಅಂತ ಬರೆಯಿರಿ. ಎರಡು ತಿಂಗಳ ಮೇಲೆ ಆಯ್ತಾ ಇಲ್ವಾ ಅಂತ ನೋಡೋಕಾಗಬೇಕು.

ಮೊದಲ ದಿನ ಪ್ರಶ್ನೆಗಳೇ ಜಾಸ್ತಿ. ಮನೆಯಲ್ಲಿ ಯಾರ್ಯಾರಿದ್ದಾರೆ, ನಿದ್ದೆ ಹೇಗೆ, ಕುಡಿತ ಇದೆಯಾ, ಹಿಂದೆ ಹೀಗಾಗಿತ್ತಾ, ಮನೆತನದಲ್ಲಿ ಯಾರಿಗಾದರೂ ಇತ್ತಾ. ಸಲಹೆ ಹೆಚ್ಚುಕಡಿಮೆ ಸಿಗುವುದಿಲ್ಲ. ನಿಮ್ಮನ್ನು ಅರ್ಥ ಮಾಡಿಕೊಳ್ಳೋಕೇ ಒಂದರಿಂದ ಮೂರು ಸೆಷನ್ ಹೋಗುತ್ತದೆ. ಮೊದಲ ಹತ್ತು ನಿಮಿಷದಲ್ಲೇ ಪರಿಹಾರ ಹೇಳಿಬಿಟ್ಟರೆ ನಾನಾದರೆ ಅನುಮಾನ ಪಡುತ್ತೇನೆ.

ಒಂದು ಹಾಳೆ ಕೊಟ್ಟು ಟಿಕ್ ಹಾಕಿ ಅನ್ನಬಹುದು. ಸಾಮಾನ್ಯವಾಗಿ ಬಳಸುವುದು ಪಿಎಚ್‌ಕ್ಯೂ-9. ಒಂಬತ್ತು ಪ್ರಶ್ನೆ, ಎಲ್ಲವೂ ಕಳೆದ ಎರಡು ವಾರದ ಬಗ್ಗೆ. ಪ್ರತಿ ಪ್ರಶ್ನೆಗೆ ಸೊನ್ನೆಯಿಂದ ಮೂರು, ಒಟ್ಟು 27. ನಿದ್ದೆ, ಹಸಿವು, ಸುಸ್ತು ಅಂತ ಸಲೀಸಾಗಿ ಟಿಕ್ ಹಾಕುತ್ತಾ ಬರುತ್ತೀರಿ. ಒಂಬತ್ತನೆಯದು ಸಾಯುವ ಯೋಚನೆ ಬಗ್ಗೆ. ಅಲ್ಲಿ ಪೆನ್ನು ನಿಲ್ಲುತ್ತದೆ. ಹೌದು ಅಂದರೆ ಎಲ್ಲಿ ಅಡ್ಮಿಟ್ ಮಾಡ್ತಾರೋ, ಮನೆಗೆ ಹೇಳ್ತಾರೋ ಅಂತ ಅನೇಕರು “ಇಲ್ಲ” ಅಂತ ಹಾಕಿ ಮಡಚಿಕೊಡುತ್ತಾರೆ. ನಿಜ ಹಾಕಿ. ಆ ಯೋಚನೆ ಬಂತು ಅಂದ ಮಾತ್ರಕ್ಕೆ ಯಾರೂ ಅಡ್ಮಿಟ್ ಮಾಡುವುದಿಲ್ಲ. ಎಷ್ಟು ಸಲ ಬರುತ್ತೆ, ಏನಾದರೂ ತಯಾರಿ ಮಾಡಿದ್ದೀರಾ ಅಂತ ಕೇಳಿ, ಆಮೇಲೆ ಮುಂದಿನದನ್ನು ನಿಮ್ಮ ಜೊತೆಯೇ ಮಾತಾಡುತ್ತಾರೆ.

ಏನು ಹೇಳಬೇಕೋ ತೋಚದಿದ್ದರೆ ಮೈಯಿಂದ ಶುರು ಮಾಡಿ. ಎದೆ ಭಾರ, ಹೊಟ್ಟೆ ತೊಳಸೋದು, ತಲೆ ಜುಮ್ ಅನ್ನೋದು. ದುಃಖ ಅಂತಲೇ ಹೇಳಬೇಕು ಅಂತೇನಿಲ್ಲ.

ಹಂತ 7: ಜೋಡಿಯಾಗಿ ಹೋಗುವವರಿಗೆ

ಮೊದಲ ಭೇಟಿ ಬಹುತೇಕ ಹೀಗಿರುತ್ತದೆ. ಗಂಡ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ, “ನಂದೇನೂ ಇಲ್ಲ ಮೇಡಂ, ಇವಳಿಗೇ ಸ್ವಲ್ಪ ಬುದ್ಧಿ ಹೇಳಿ” ಅನ್ನುತ್ತಾರೆ. ಹೆಂಡತಿ, “ನೋಡಿ ಮೇಡಂ, ದಿನಾ ಇದೇ” ಅನ್ನುತ್ತಾರೆ. ಇಬ್ಬರೂ ಥೆರಪಿಸ್ಟ್ ಮುಖ ನೋಡುತ್ತಾರೆ. ಅವರು ಯಾರ ಪರವೂ ಹೇಳದೆ, “ಇವತ್ತು ಮನೆಯಿಂದ ಹೊರಟಾಗ ಏನೇನು ಮಾತಾಯ್ತು, ಅದನ್ನೇ ಹೇಳಿ” ಅನ್ನುತ್ತಾರೆ.

ಇದು ಕಟ್ಟೆ ಮೇಲಿನ ಪಂಚಾಯ್ತಿ ಅಲ್ಲ, ತೀರ್ಪು ಬರುವುದಿಲ್ಲ. ಜಗಳ ಹೇಗೆ ಹುಟ್ಟುತ್ತೆ, ಎಲ್ಲಿ ಏರುತ್ತೆ, ಯಾರು ಮೌನವಾಗುತ್ತಾರೆ, ಯಾರು ಬೆನ್ನು ಬೀಳುತ್ತಾರೆ ಅನ್ನುವುದರ ಮೇಲೆ ಅವರ ಕಣ್ಣಿರುತ್ತದೆ.

ಅನೇಕರು ಅನುಸರಿಸುವ ಕ್ರಮ ಹೀಗಿದೆ. ಮೊದಲು ಇಬ್ಬರೂ ಒಟ್ಟಿಗೆ. ಆಮೇಲೆ ಒಬ್ಬೊಬ್ಬರ ಜೊತೆ ಬೇರೆಯಾಗಿ ಒಂದೊಂದು ಸೆಷನ್. ನಂತರ ಮತ್ತೆ ಒಟ್ಟಿಗೆ ಕೂರಿಸಿ, ಕಂಡದ್ದೇನು, ಮುಂದೇನು ಅಂತ ಹೇಳುತ್ತಾರೆ. ಬೇರೆಯಾಗಿ ಮಾತಾಡುವ ಮುಂಚೆ ಒಂದು ಪ್ರಶ್ನೆ ಕೇಳಲೇಬೇಕು: “ನಾನು ಒಬ್ಬನೇ ಇದ್ದಾಗ ಹೇಳಿದ್ದನ್ನು ಅವಳಿಗೆ ಹೇಳ್ತೀರಾ?” ಕೆಲವರು ಗುಟ್ಟು ಇಟ್ಟುಕೊಳ್ಳುತ್ತಾರೆ, ಕೆಲವರು ಇಟ್ಟುಕೊಳ್ಳುವುದಿಲ್ಲ ಅಂತ ಮೊದಲೇ ಹೇಳುತ್ತಾರೆ. ನಿಯಮ ತಿಳಿಯದೆ ಹೊರಗಿನ ಸಂಬಂಧ, ಸಾಲ, ಚೀಟಿ ವ್ಯವಹಾರ ಬಾಯಿಬಿಟ್ಟು ಆಮೇಲೆ ಪೇಚಾಡಬೇಡಿ.

ನಿಮ್ಮನ್ನು ವರ್ಷದಿಂದ ಒಬ್ಬರನ್ನೇ ನೋಡುತ್ತಿರುವ ಥೆರಪಿಸ್ಟೇ ದಂಪತಿ ಸೆಷನ್‌ಗೂ ಆಗುವುದು ಬೇಡ. ಹೊಸದಾಗಿ ಬಂದ ಸಂಗಾತಿಗೆ ತಕ್ಕಡಿ ಮೊದಲೇ ವಾಲಿದೆ ಅನ್ನಿಸುತ್ತದೆ. ಅತ್ತೆ ಮಾವ, ಅಣ್ಣ ತಮ್ಮಂದಿರನ್ನು ಕರೆದುಕೊಂಡು ಹೋಗಬೇಡಿ. ಬೇಕಾದರೆ ಥೆರಪಿಸ್ಟ್ ತಾವೇ ಮುಂದೆ ಕರೆಸುತ್ತಾರೆ. ಒಳಗೆ ನಡೆದದ್ದನ್ನು ಮೊಬೈಲಲ್ಲಿ ಕದ್ದು ರೆಕಾರ್ಡ್ ಮಾಡುವ ಚಾಳಿ ಈಗ ಜಾಸ್ತಿ ಆಗಿದೆ. ಗೊತ್ತಾದ ದಿನ ನಂಬಿಕೆ ಮುಗಿಯಿತು.

ಸಂಗಾತಿ ಬರಲ್ಲ ಅಂದರೆ? ನೀವೊಬ್ಬರೇ ಹೋಗಿ. ಜಗಳದಲ್ಲಿ ನಿಮ್ಮ ಪಾಲಿನ ಹೆಜ್ಜೆ ಬದಲಾದರೂ ಮನೆಯಲ್ಲಿ ವ್ಯತ್ಯಾಸ ಕಾಣುತ್ತದೆ.

ಹೊಡೆತ, ಬೆದರಿಕೆ ಇದ್ದರೆ ಈ ಹಂತವೇ ಬೇಡ. ಒಳಗೆ ನಿಜ ಹೇಳಿದ್ದಕ್ಕೆ ಮನೆಗೆ ಹೋದ ಮೇಲೆ ಏಟು ಬೀಳುವ ಅಪಾಯ ಇದೆ. ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿ, ಥೆರಪಿ ಬೇಕಾದರೆ ಒಬ್ಬರೇ ಹೋಗಿ. ಫ್ಯಾಮಿಲಿ ಕೋರ್ಟಲ್ಲಿ ಕೇಸ್ ಇದ್ದವರು ಅಲ್ಲಿನ ಸಮಾಲೋಚನೆಯನ್ನೂ ಇದನ್ನೂ ಒಂದೇ ಅಂದುಕೊಳ್ಳಬೇಡಿ. ಕೇಸಿಗೆ ಲೆಟರ್ ಸಿಗಲಿ ಅಂತ ಥೆರಪಿಗೆ ಹೋದರೆ ಲೆಟರೂ ಸಿಗಲ್ಲ, ಥೆರಪಿಯೂ ನಡೆಯಲ್ಲ.

ಹಂತ 8: ಎರಡರಿಂದ ಆರನೇ ಸೆಷನ್, ಜನ ಬಿಡುವ ಜಾಗ

ಎರಡು ಮೂರು ಸೆಷನ್ ಆದಾಗ ಮೊದಲಿಗಿಂತ ಭಾರ ಅನ್ನಿಸಬಹುದು. ಮುಚ್ಚಿಟ್ಟಿದ್ದನ್ನು ಎತ್ತಿ ಆಡಿದ್ದೀರಿ, ಕನಸು ಬೀಳುತ್ತವೆ, ಸಿಟ್ಟು ಬರುತ್ತದೆ. ಇದನ್ನು “ಕೆಟ್ಟಿತು” ಅಂತ ತಿಳಿದು ಬಿಡುವವರೇ ಜಾಸ್ತಿ. ಬಿಡುವ ಬದಲು ಅದನ್ನೇ ಮುಂದಿನ ಸೆಷನ್‌ನಲ್ಲಿ ಮೊದಲ ಮಾತಾಗಿ ಹೇಳಿ. ವಾರಗಟ್ಟಲೆ ಏರುತ್ತಲೇ ಹೋದರೆ ಮಾತ್ರ ಕಾಯಬೇಡಿ, ಫೋನ್ ಮಾಡಿ.

ಮಾತ್ರೆಯ ಕತೆಯೂ ಹೀಗೇ. ಖಿನ್ನತೆಯ ಮಾತ್ರೆಗಳು ಗುಣ ತೋರಿಸೋಕೆ ಎರಡರಿಂದ ನಾಲ್ಕು ವಾರ, ಕೆಲವೊಮ್ಮೆ ಇನ್ನೂ ಜಾಸ್ತಿ ಬೇಕು. ವಾಕರಿಕೆ, ತಲೆನೋವು ಮಾತ್ರ ಮೊದಲ ವಾರವೇ ಬರಬಹುದು. ತೊಂದರೆ ಮೊದಲು, ಲಾಭ ಆಮೇಲೆ. ಹಾಗಾಗಿ ಐದನೇ ದಿನಕ್ಕೆ ಡಬ್ಬಿ ಮೂಲೆ ಸೇರುತ್ತದೆ. ಬಿಡುವ ಮುಂಚೆ ಡಾಕ್ಟರಿಗೆ ಫೋನ್ ಮಾಡಿ, ಡೋಸ್ ಅಥವಾ ಹೊತ್ತು ಬದಲಿಸುತ್ತಾರೆ.

ಮನೆಕೆಲಸ ಕೊಡುತ್ತಾರೆ. ಸಿಟ್ಟು ಬಂದಾಗ ಏನಾಯ್ತು ಬರೆದಿಡಿ, ದಿನಾ ಇಪ್ಪತ್ತು ನಿಮಿಷ ನಡೆಯಿರಿ, ಇಂಥದ್ದು. ಸಣ್ಣದಾಗಿ ಕಾಣುತ್ತದೆ. ಮಾಡದೆ ಹೋದರೆ ಬೈಯಲ್ಲ, ಆದರೆ ಮುಂದಿನ ಸೆಷನ್ ಅಲ್ಲೇ ತಿರುಗುತ್ತದೆ.

ನಾಲ್ಕರಿಂದ ಆರು ಸೆಷನ್ ಆದ ಮೇಲೆ ನೋಟ್‌ಬುಕ್ ತೆಗೆದು ಆ ಮೂರನೇ ಸಾಲು ಓದಿ. ಸ್ವಲ್ಪವೂ ಅಲುಗಾಡಿಲ್ಲ ಅಂದರೆ, “ಮೇಡಂ, ನನಗೆ ಉಪಯೋಗ ಆಗ್ತಿದೆ ಅನ್ನಿಸ್ತಿಲ್ಲ” ಅಂತ ನೇರ ಹೇಳಿ. ಅವರು ದಾರಿ ಬದಲಿಸಬಹುದು, ಬೇರೆಯವರ ಹೆಸರು ಕೊಡಬಹುದು. ಹೊಂದಿಕೆ ಆಗದಿದ್ದರೆ ಥೆರಪಿಸ್ಟ್ ಬದಲಿಸುವುದು ತಪ್ಪೇನಲ್ಲ.

ಹಂತ 9: ಆನ್‌ಲೈನ್ ಆದರೆ

ಕೂಡು ಕುಟುಂಬದಲ್ಲಿ ಇದಕ್ಕೆ ಜಾಗ ಹುಡುಕುವುದೇ ದೊಡ್ಡ ಕೆಲಸ. ಬಾಗಿಲು ಹಾಕಿದರೆ ಎರಡು ಸಲ ಬಡಿಯುತ್ತಾರೆ. ನಿಲ್ಲಿಸಿದ ಕಾರು, ಮಹಡಿ, ಗೆಳತಿಯ ರೂಮು, ಯಾವುದಾದರೂ ಸರಿ. ಇಯರ್‌ಫೋನ್ ಹಾಕಿದರೂ ನಿಮ್ಮ ದನಿ ಪಕ್ಕದ ಕೋಣೆಗೆ ಕೇಳುತ್ತದೆ ಅನ್ನುವುದು ಮರೆಯಬೇಡಿ. ಗಾಡಿ ಓಡಿಸುತ್ತಾ ಸೆಷನ್ ಬೇಡವೇ ಬೇಡ. ಕರೆ ಕಟ್ ಆದರೆ ಯಾರು ವಾಪಸ್ ಮಾಡಬೇಕು, ಅಪಾಯದ ಹೊತ್ತಲ್ಲಿ ಯಾರ ನಂಬರ್‌ಗೆ ಹೇಳಬೇಕು ಅಂತ ಮೊದಲೇ ಮಾತಾಡಿಕೊಳ್ಳಿ.

ಹಂತ 10: ಎದ್ದು ಬರಬೇಕಾದ ಲಕ್ಷಣಗಳು

ಒಂದೇ ಸಿಟ್ಟಿಂಗ್‌ಗೆ ಗುಣ ಅಂತ ಗ್ಯಾರಂಟಿ ಕೊಡುವುದು. ಇಪ್ಪತ್ತು ಸೆಷನ್ ದುಡ್ಡು ಮುಂಗಡ ಕೇಳುವುದು. ಹರಳು, ಪೂಜೆ, ತಾಯತ ಮಾರುವುದು. ಬೇರೆ ಪೇಷಂಟ್ ಕತೆಯನ್ನು ಹೆಸರು ಊರು ಸಮೇತ ಹೇಳುವುದು. ನಾಳೆ ನಿಮ್ಮದೂ ಹಾಗೇ ಹೋಗುತ್ತದೆ. ನಿಮ್ಮ ಜಾತಿ, ಮದುವೆ, ಯಾರನ್ನು ಇಷ್ಟಪಟ್ಟಿರಿ ಅನ್ನುವುದರ ಮೇಲೆ ಪ್ರವಚನ ಕೊಡುವುದು. ಕೈ ಸಾಲ ಕೇಳುವುದು. ಮೈ ಮುಟ್ಟುವುದು, ರಾತ್ರಿ ಹೊತ್ತು ಸುಮ್ನೆ ಮೆಸೇಜ್ ಮಾಡುವುದು, ಹೊರಗೆ ಕಾಫಿಗೆ ಕರೆಯುವುದು.

ಕೊನೆಯ ಮೂರರಲ್ಲಿ ಒಂದಾದರೂ ನಡೆದರೆ ಎರಡನೇ ಅವಕಾಶ ಕೊಡಬೇಡಿ. ಮೆಸೇಜ್ ಅಳಿಸದೆ ಇಟ್ಟುಕೊಂಡು, ಅವರು ನೋಂದಣಿ ಆಗಿರುವ ಪರಿಷತ್ತಿಗೆ ದೂರು ಕೊಡಿ.

ಹಂತ 11: ಮುಗಿಸುವುದು

ಚೆನ್ನಾಗಿ ಅನ್ನಿಸಿದ ವಾರವೇ ಹೋಗುವುದು ನಿಲ್ಲಿಸಬೇಡಿ. ವಾರದ್ದು ಹದಿನೈದು ದಿನಕ್ಕೆ, ಆಮೇಲೆ ತಿಂಗಳಿಗೆ ಇಳಿಸುತ್ತಾರೆ. ಕೊನೆಯ ಸೆಷನ್‌ನಲ್ಲಿ, ಮತ್ತೆ ಕೆಡುವಾಗ ಮೊದಲು ಕಾಣುವ ಲಕ್ಷಣ ಯಾವುದು ಅಂತ ಥೆರಪಿಸ್ಟ್ ಜೊತೆ ಕೂತು ಬರೆಯಿರಿ. ಕೆಲವರಿಗೆ ಅದು ನಿದ್ದೆ, ಕೆಲವರಿಗೆ ಫೋನ್ ಎತ್ತದೆ ಇರುವುದು. ಊರು ಬಿಡುವ ಹಾಗಿದ್ದರೆ ಒಂದು ಸಾರಾಂಶ ಬರೆಸಿಕೊಳ್ಳಿ, ಬೆಂಗಳೂರಲ್ಲೋ ಹುಬ್ಬಳ್ಳಿಯಲ್ಲೋ ಮತ್ತೆ ಮೊದಲಿಂದ ಹೇಳುವುದು ತಪ್ಪುತ್ತದೆ.

ಮಾತ್ರೆ ನಡೆಯುತ್ತಿದ್ದರೆ ಥೆರಪಿ ಜೊತೆಗೇ ಅದನ್ನೂ ಬಿಡಬೇಡಿ. ಡೋಸ್ ಇಳಿಸುವ ಲೆಕ್ಕ ಡಾಕ್ಟರದ್ದು. ಅದಕ್ಕೆ ಬೇರೆ ಅಪಾಯಿಂಟ್‌ಮೆಂಟ್ ತಗೊಳ್ಳಿ.